ಕಾಣದ ಗಿರಾಕಿ, ಕಾಣದ ಸರಕು



ಜತ್ತದ ಯಲ್ಲಮ್ಮನ ಜಾತ್ರೆಯ ದನದ ಪೇಟೆಯನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ. ಖಿಲಾರಿ ಹೋರಿ ಕೊಳ್ಳಲು ಬಂದವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಸುಳಿ ನೋಡುತ್ತಾನೆ. ನಾಲ್ಕು ಹೆಜ್ಜೆ ನಡೆಸಿ ಕಾಲು ನೋಡುತ್ತಾನೆ. ಆಮೇಲೆ ದಲಾಲ ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ತಿಳಿಸುತ್ತಾನೆ. ಅಲ್ಲಿ ಮರೆಯಲ್ಲಿರುವುದು ಬೆಲೆ ಒಂದೇ. ಹೋರಿ ಬಯಲಲ್ಲಿದೆ, ಒಡೆಯ ಬಯಲಲ್ಲಿದ್ದಾನೆ, ಸುತ್ತಲೂ ನಾಲ್ಕು ಮಂದಿ ಸಾಕ್ಷಿ ಇದ್ದಾರೆ.

ಈಗ ಪೇಟೆ ನಮ್ಮ ಅಂಗೈಯೊಳಗೆ ಬಂದಿದೆ. ಹಳೆಯ ಮೋಟಾರ್ ಸೈಕಲ್ಲು, ಮೊಬೈಲು, ಟ್ರ್ಯಾಕ್ಟರು, ಎಮ್ಮೆ, ಮನೆ, ಹೊಲ ಎಲ್ಲವೂ ಫೋನಿನಲ್ಲೇ ಮಾರಾಟಕ್ಕೆ ನಿಲ್ಲುತ್ತವೆ. ಲಿಲಾವು ಕೂಡ ಅಲ್ಲೇ ನಡೆಯುತ್ತದೆ. ಆದರೆ ಈ ಪೇಟೆಯಲ್ಲಿ ಬೆಲೆ ಮಾತ್ರ ಬಯಲಲ್ಲಿ. ಸರಕೂ ಮನುಷ್ಯನೂ ಮರೆಯಲ್ಲಿ. ಈ ಪೇಟೆಯಲ್ಲಿ ನಾನೇ ಮೋಸ ಹೋದವನು. ಅದನ್ನು ಮುಚ್ಚಿಡದೆ ಹೇಳಬೇಕೆಂದೇ ಇಂದು ನಿಮ್ಮ ಮುಂದೆ ಬಂದಿದ್ದೇನೆ.

ನಾನು ಮ್ಯಾಟ್ರಿಕ್ ಪಾಸಾಗಿ ಬ್ಯಾಂಕಿಗೆ ಸೇರಿ, ಮೂವತ್ತೆಂಟು ವರ್ಷ ಕಾರಕೂನಿಕೆ ಮಾಡಿ ನಿವೃತ್ತನಾದವನು. ಖಾಲಿ ಚೀಟಿಗೆ ಹೆಬ್ಬೆಟ್ಟು ಒತ್ತಬೇಡಿರಿ, ಪಾಸ್‌ಬುಕ್ಕು ಇನ್ನೊಬ್ಬರ ಕೈಗೆ ಕೊಡಬೇಡಿರಿ ಎಂದು ಸಾವಿರಾರು ಜನರಿಗೆ ಬುದ್ಧಿ ಹೇಳಿದವನು. 2023ರಲ್ಲಿ ನಮ್ಮ ಮನೆಯ ಎಮ್ಮೆಗಳನ್ನು ಕೊಟ್ಟುಬಿಟ್ಟೆವು. ಕಡಬಾ ಕುಟ್ಟಿ ಮಷಿನ್ನು ಹಿತ್ತಲಲ್ಲಿ ಸುಮ್ಮನೆ ಬಿದ್ದಿತ್ತು. ಮೊಮ್ಮಗ ಅದರ ಫೋಟೋ ತೆಗೆದು, ಹದಿನಾಲ್ಕು ಸಾವಿರ ರೂಪಾಯಿ ಎಂದು ಬೆಲೆ ಬರೆದು, ಹಳೆಯ ಸಾಮಾನು ಮಾರುವ ಒಂದು ಜಾಗದಲ್ಲಿ ಹಾಕಿದ.

ಅರ್ಧ ತಾಸಿನಲ್ಲಿ ಫೋನು ಬಂತು. ಹಿಂದಿಯಲ್ಲಿ ಮಾತು. "ಕಾಕಾ, ನಾನು ಫೌಜಿನಲ್ಲಿದ್ದೇನೆ. ಊರಲ್ಲಿ ಅಪ್ಪನಿಗೆ ಮಷಿನ್ ಬೇಕು. ರೊಕ್ಕ ಈಗಲೇ ಹಾಕುತ್ತೇನೆ, ನಾಳೆ ಗಾಡಿ ಕಳಿಸುತ್ತೇನೆ." ಸಮವಸ್ತ್ರದ ಫೋಟೋ ಕಳಿಸಿದ, ಗುರುತಿನ ಚೀಟಿ ಕಳಿಸಿದ. ಒಂದು ರೂಪಾಯಿ ಕೂಡ ಚೌಕಾಸಿ ಮಾಡಲಿಲ್ಲ. ಬಂಧುಗಳೇ, ನಾನು ಎಚ್ಚರಾಗಬೇಕಾದದ್ದು ಅಲ್ಲಿಯೇ. ಹಳೆಯ ಮಷಿನ್ನು ಕೊಳ್ಳುವವನು ಅಲಗು ಸವೆದಿದೆಯೇ, ಮೋಟಾರು ಎಷ್ಟು ವರ್ಷದ್ದು ಎಂದು ಕೇಳದೆ ಇರುತ್ತಾನೆಯೇ? ಹಲ್ಲು ನೋಡದೆ ಹೋರಿ ಕೊಳ್ಳುವ ಗಿರಾಕಿ ಗಿರಾಕಿಯೇ ಅಲ್ಲ.

ಆಮೇಲೆ ಕಪ್ಪು ಬಿಳಿ ಚುಕ್ಕಿಗಳ ಒಂದು ಚೌಕ ಕಳಿಸಿದ. ಕ್ಯೂಆರ್ ಕೋಡ್ ಅನ್ನುತ್ತಾರಲ್ಲ, ಅದು. "ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ ಕಾಕಾ, ಹಣ ನಿಮ್ಮ ಖಾತೆಗೆ ಬೀಳುತ್ತದೆ" ಅಂದ. ಒತ್ತಿದೆ. ಹದಿನಾಲ್ಕು ಸಾವಿರ ಹೋಯಿತು. ಹೇಳಿದಾಗ, "ಅಯ್ಯೋ, ತಪ್ಪಾಯಿತು, ಇನ್ನೊಂದು ಚೌಕ ಕಳಿಸುತ್ತೇನೆ, ಎರಡೂ ಸೇರಿ ಮರಳಿ ಬರುತ್ತವೆ" ಅಂದ. ಮತ್ತೆ ಒತ್ತಿದೆ. ಮತ್ತೆ ಹದಿನಾಲ್ಕು ಸಾವಿರ. ಮೂರನೆಯ ಸಲ ಒತ್ತುವಷ್ಟರಲ್ಲಿ ನನ್ನ ಮನೆಯವರು ಬಂದು, "ಏನ್ರೀ, ಮಾರೋರು ನೀವು. ನೀವ್ಯಾಕ ರೊಕ್ಕ ಕೊಡಾಕತ್ತೀರಿ?" ಅಂದರು. ಅಕ್ಷರ ಹೆಚ್ಚು ಕಲಿಯದ ಆಕೆಗೆ ಹೊಳೆದದ್ದು ಕಾರಕೂನನಿಗೆ ಹೊಳೆದಿರಲಿಲ್ಲ.

ಬ್ಯಾಂಕಿನ ಕೌಂಟರಿನ ಲೆಕ್ಕದಲ್ಲೇ ಇದನ್ನು ಹೇಳುತ್ತೇನೆ. ನೆನಪಿನಲ್ಲಿಡಿರಿ. ಬ್ಯಾಂಕಿನಲ್ಲಿ ಎರಡು ಬಗೆಯ ಚೀಟಿಗಳುಂಟು. ಒಂದು ಹಣ ತುಂಬುವ ಚೀಟಿ, ಇನ್ನೊಂದು ಹಣ ತೆಗೆಯುವ ಚೀಟಿ. ನನ್ನ ಖಾತೆಗೆ ನೀವು ಹಣ ತುಂಬಬೇಕಾದರೆ ನನ್ನ ಸಹಿ ಬೇಡ. ನಾನು ಮನೆಯಲ್ಲಿ ಮಲಗಿದ್ದರೂ ನೀವು ತುಂಬಿ ಹೋಗಬಹುದು. ತೆಗೆಯಬೇಕಾದರೆ ಮಾತ್ರ ನನ್ನ ಸಹಿ ಬೇಕು. ಫೋನಿನ ಪಿನ್ ಎಂದರೆ ನಿಮ್ಮ ಸಹಿ. ಹಣ ಬರುವುದಕ್ಕೆ ಪಿನ್ ಬೇಡವೇ ಬೇಡ. 'ಹಣ ಕೊಡುತ್ತೇನೆ, ಪಿನ್ ಒತ್ತಿರಿ' ಎಂದವನು ಯಾರೇ ಆಗಿರಲಿ, ಆತ ತೆಗೆಯುವ ಚೀಟಿಗೆ ನಿಮ್ಮ ಸಹಿ ಹಾಕಿಸಿಕೊಳ್ಳುತ್ತಿದ್ದಾನೆ.

ಗಡಿಯ ನಾವು ಕನ್ನಡ, ಮರಾಠಿ ಎರಡನ್ನೂ ಬಲ್ಲೆವು. ಆದರೆ ಫೋನಿಗೆ ಬರುವ ಸಂದೇಶ ಅನೇಕ ಸಲ ಇಂಗ್ಲಿಷಿನಲ್ಲಿರುತ್ತದೆ. ಮೂರು ಶಬ್ದ ಕಲಿತುಕೊಂಡರೆ ಸಾಕು. 'ಕ್ರೆಡಿಟೆಡ್' ಎಂದರೆ ಜಮಾ. ಈ ಜಮಾ ಎರಡೂ ಭಾಷೆಗೆ ಒಂದೇ. 'ಡೆಬಿಟೆಡ್' ಎಂದರೆ ಖರ್ಚು. ಮರಾಠಿಯಲ್ಲಿ ನಾವೆ ಅನ್ನುತ್ತಾರೆ. 'ಪೇ' ಎಂದರೆ ಕೊಡು. ಮಾರುವವನ ಫೋನಿನಲ್ಲಿ 'ಪೇ' ಎಂಬ ಶಬ್ದ ಬಂದರೆ ಬೆರಳು ಹಿಂದಕ್ಕೆ ತೆಗೆಯಿರಿ. ಮೊದಲು ಹಣ ಬೇಡುವ ಕೋರಿಕೆಯನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಯುಪಿಐ ಮೂಲಕ ಕಳಿಸಬಹುದಾಗಿತ್ತು. ಇದರಿಂದ ಬಹಳ ಮೋಸವಾಗುತ್ತಿದ್ದುದರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಹೋಗುವ ಅಂಥ ಕೋರಿಕೆಯನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದರು. ಒಂದು ಬಾಗಿಲು ಮುಚ್ಚಿತು. ಚುಕ್ಕಿಗಳ ಚೌಕದ ಬಾಗಿಲು ಇನ್ನೂ ತೆರೆದೇ ಇದೆ.

ಮಾರುವವರಿಗೆ ಇನ್ನೊಂದು ಬಲೆ ಇದೆ. ಹಣ ಜಮಾ ಆಯಿತೆಂದು ಸುಳ್ಳು ಸಂದೇಶ ಕಳಿಸುತ್ತಾರೆ, ಇಲ್ಲವೇ ಹಣ ಕಳಿಸಿದ ಚಿತ್ರ ತೋರಿಸುತ್ತಾರೆ. "ಹದಿನಾಲ್ಕರ ಬದಲು ಇಪ್ಪತ್ತನಾಲ್ಕು ಸಾವಿರ ಬಿತ್ತು ಕಾಕಾ, ಹತ್ತು ಸಾವಿರ ಮರಳಿಸಿರಿ" ಎಂದು ಗೋಗರೆಯುತ್ತಾರೆ. ಸಂದೇಶ ನಂಬಬೇಡಿರಿ, ಚಿತ್ರ ನಂಬಬೇಡಿರಿ. ನಿಮ್ಮ ಖಾತೆಯ ಶಿಲ್ಕು ನೀವೇ ನೋಡಿಕೊಳ್ಳಿರಿ. ಶಿಲ್ಕಿನಲ್ಲಿ ಕಾಣದ ಹಣ ಬಂದೇ ಇಲ್ಲ.

ಇನ್ನು ಕೊಳ್ಳುವವರ ಮಾತು. ಇಲ್ಲಿ ಬೀಜಮಂತ್ರ ಒಂದೇ: ಸರಕು ಕಣ್ಣಿಗೆ ಬೀಳುವ ತನಕ ಮುಂಗಡ ಕೊಡಬೇಡಿರಿ. ಒಂದು ಲಕ್ಷದ ಗಾಡಿ ಮೂವತ್ತು ಸಾವಿರಕ್ಕೆ ಬಂದರೆ ಅದು ಸೋವಿಯಲ್ಲ, ಗಾಳಕ್ಕೆ ಸಿಕ್ಕಿಸಿದ ಎರೆಹುಳು. "ಸಾಗಾಣಿಕೆಗೆ ಎರಡು ಸಾವಿರ, ವಿಮೆಗೆ ಮೂರು ಸಾವಿರ, ಗೇಟಿನಲ್ಲಿ ಗಾಡಿ ನಿಂತಿದೆ, ಇನ್ನು ನಾಲ್ಕು ಸಾವಿರ" ಎಂದು ಹನಿಹನಿಯಾಗಿ ಹಿಂಡುತ್ತಾರೆ. ಮೊದಲ ಎರಡು ಸಾವಿರ ಹೋಯಿತಲ್ಲ ಎಂಬ ಆಸೆಗೆ ನಾವು ಮುಂದಿನದನ್ನೂ ಹಾಕುತ್ತೇವೆ. ಗಾಡಿ ಕೊಳ್ಳುವ ಮೊದಲು ಆರ್.ಸಿ. ಪುಸ್ತಕ ನೋಡಿರಿ, ಅದರ ಮೇಲೆ ಸಾಲದ ಬೋಜಾ ಇದೆಯೇ ನೋಡಿರಿ. ಹಳೆಯ ಮೊಬೈಲು ಕೊಳ್ಳುವಾಗ ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದರೆ ಹದಿನೈದು ಅಂಕಿಯ ಐಎಂಇಐ ಸಂಖ್ಯೆ ಬರುತ್ತದೆ. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಬರೆದು, ಜಾಗ ಬಿಟ್ಟು, ಆ ಸಂಖ್ಯೆ ಸೇರಿಸಿ 14422ಕ್ಕೆ ಸಂದೇಶ ಕಳಿಸಿದರೆ ಆ ಫೋನಿನ ಸ್ಥಿತಿ ತಿಳಿಯುತ್ತದೆ. ಕಳವಿನದೆಂದು ತಡೆಹಿಡಿದ ಫೋನಾಗಿದ್ದರೆ ಗೊತ್ತಾಗುತ್ತದೆ.

ಈಗ ಲಿಲಾವಿಗೆ ಬರೋಣ. ಅಮೆರಿಕದಲ್ಲಿ 1995ರಲ್ಲಿ ಆರಂಭವಾದ ಈಬೇ ಎಂಬ ಸಂಸ್ಥೆ ಕಂಪ್ಯೂಟರಿನ ಲಿಲಾವನ್ನು ಲೋಕಕ್ಕೆ ಪರಿಚಯಿಸಿತು. ನಮ್ಮ ದೇಶದಲ್ಲಿ 2000ದಲ್ಲಿ ಹುಟ್ಟಿದ ಬಾಜೀ ಎಂಬ ಸಂಸ್ಥೆಯನ್ನು 2004ರಲ್ಲಿ ಅದು ಕೊಂಡಿತು. 2018ರಲ್ಲಿ ಆ ಭಾರತೀಯ ಶಾಖೆ ಮುಚ್ಚಿತು. ಪೇಟೆ ಮುಚ್ಚಿದರೂ ಅಲ್ಲಿಯ ತಂತ್ರಗಳು ಊರೂರು ತಿರುಗುತ್ತಿವೆ. ಒಂದು, ಕಳ್ಳ ಸವಾಲು. ಮಾರುವವನ ಕಡೆಯವನೇ ಬೇರೆ ಹೆಸರಿನಲ್ಲಿ ಸವಾಲು ಏರಿಸುತ್ತಾನೆ. ಇದು ನಮ್ಮ ಸಂತೆಗೂ ಹೊಸದಲ್ಲ. ಅದಕ್ಕೆ ಮದ್ದು, ಸವಾಲಿಗೆ ಮೊದಲೇ ನಿಮ್ಮ ಕೊನೆಯ ಬೆಲೆಯನ್ನು ಕಾಗದದ ಮೇಲೆ ಬರೆದಿಟ್ಟು ಅದನ್ನು ದಾಟದಿರುವುದು. ಎರಡು, ಲಿಲಾವು ಸೋತವನಿಗೆ ಬರುವ ಗುಟ್ಟಿನ ಸಂದೇಶ. "ಗೆದ್ದವನು ಹಿಂದೆ ಸರಿದಿದ್ದಾನೆ. ನಿಮಗೇ ಕೊಡುತ್ತೇವೆ, ನೇರವಾಗಿ ನನ್ನ ಖಾತೆಗೆ ಹಾಕಿರಿ." ಲಿಲಾವಿನ ಕಟ್ಟೆ ಬಿಟ್ಟು ಹೊರಗೆ ಕರೆದವನ ಹಿಂದೆ ಹೋಗಬೇಡಿರಿ.

ಬ್ಯಾಂಕು ಜಪ್ತಿ ಮಾಡಿದ ಮನೆ, ಹೊಲ, ಟ್ರ್ಯಾಕ್ಟರು ಅಗ್ಗಕ್ಕೆ ಕೊಡಿಸುತ್ತೇವೆಂಬ ಸಂದೇಶಗಳೂ ಬರುತ್ತವೆ. ನಿಜವಾದ ಲಿಲಾವಿನ ಲಕ್ಷಣ ಹೇಳುತ್ತೇನೆ, ಕೇಳಿರಿ. 2002ರ ಸರ್ಫೇಸಿ ಕಾಯ್ದೆಯಂತೆ ಸಾಲಕ್ಕೆ ಒತ್ತೆ ಇಟ್ಟ ಸ್ಥಿರಾಸ್ತಿಯನ್ನು ಬಹಿರಂಗ ಲಿಲಾವು ಮಾಡುವ ಮೊದಲು ಬ್ಯಾಂಕು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತದೆ, ಆ ಭಾಗದ ಭಾಷೆಯಲ್ಲೂ ಕೊಡುತ್ತದೆ. ಅದರಲ್ಲಿ ಮೀಸಲು ಬೆಲೆ, ಠೇವಣಿ, ದಿನಾಂಕ ಎಲ್ಲ ಇರುತ್ತವೆ. ಗೆದ್ದವನು ಬೆಲೆಯ ಕಾಲು ಭಾಗವನ್ನು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಕಟ್ಟಿದ ಠೇವಣಿ ಇದರಲ್ಲಿ ಸೇರುತ್ತದೆ. ಉಳಿದದ್ದನ್ನು ಮಾರಾಟ ಖಾಯಂ ಆದ ಹದಿನೈದು ದಿನಗಳೊಳಗೆ ಕಟ್ಟಬೇಕು. ಕಟ್ಟದಿದ್ದರೆ ಮೊದಲು ಕಟ್ಟಿದ್ದು ಮುಳುಗುತ್ತದೆ. ಸರಕಾರಿ ಬ್ಯಾಂಕುಗಳ ಇಂಥ ಲಿಲಾವುಗಳನ್ನು ಒಂದೆಡೆ ತೋರಿಸುವ ಬ್ಯಾಂಕ್‌ನೆಟ್ ಎಂಬ ವ್ಯವಸ್ಥೆ 2025ರ ಜನವರಿಯಲ್ಲಿ ಆರಂಭವಾಯಿತು. ಯಾವ ಬ್ಯಾಂಕೂ ಲಿಲಾವಿನ ಠೇವಣಿಯನ್ನು ಒಬ್ಬ ವ್ಯಕ್ತಿಯ ಮೊಬೈಲ್ ಸಂಖ್ಯೆಗೆ ಹಾಕೆನ್ನುವುದಿಲ್ಲ. ಸಂಶಯ ಬಂದರೆ ಬಸ್ಸು ಹತ್ತಿ ಆ ಶಾಖೆಗೇ ಹೋಗಿ ಕೇಳಿರಿ. ಬಸ್ಸಿನ ಟಿಕೆಟ್ಟಿಗಿಂತ ಅಗ್ಗದ ವಿಮೆ ಇಲ್ಲ. ಲಿಲಾವು ನಿಜವಾದದ್ದೇ ಆದರೂ ಆಸ್ತಿಯನ್ನು ಇದ್ದಲ್ಲಿ, ಇದ್ದಂತೆ ಕೊಡುತ್ತಾರೆ. ಗಡಿಯ ಈಚೆಗೆ ಸಾತ್ ಬಾರಾ, ಆಚೆಗೆ ಪಹಣಿ, ಎರಡೂ ಕಡೆ ಬಾಕಿ ತೆರಿಗೆ, ಮನೆಯೊಳಗೆ ಯಾರಿದ್ದಾರೆ, ಇವನ್ನೆಲ್ಲ ನೀವೇ ನೋಡಿಕೊಳ್ಳಬೇಕು.

ಹಳೆಯ ನಾಣ್ಯದ ಮಾತೊಂದು ಉಳಿಯಿತು. ನಿಮ್ಮ ಗಲ್ಲೆಯಲ್ಲಿರುವ ಐದು ರೂಪಾಯಿ ನೋಟಿಗೆ ಐದು ಲಕ್ಷ ಕೊಡುತ್ತೇವೆ, ಮೊದಲು ಕಮಿಷನ್ ಮತ್ತು ತೆರಿಗೆ ಕಟ್ಟಿರಿ ಎಂದು ರಿಸರ್ವ್ ಬ್ಯಾಂಕಿನ ಮುದ್ರೆ ಹಾಕಿ ಕಾಗದ ಕಳಿಸುತ್ತಾರೆ. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ಪ್ರಕಟಣೆ ಹೊರಡಿಸಿ, ತಾನು ಇಂಥ ವ್ಯವಹಾರದಲ್ಲಿ ಇಲ್ಲ, ಕಮಿಷನ್ ಕೇಳುವುದಿಲ್ಲ, ಯಾರಿಗೂ ಅಂಥ ಅಧಿಕಾರ ಕೊಟ್ಟಿಲ್ಲ ಎಂದು ಹೇಳಿತು. ನನ್ನ ಬಳಿ ಎಷ್ಟೋ ಮುದುಕಿಯರು ಸೆರಗಿನಲ್ಲಿ ನಾಣ್ಯ ಕಟ್ಟಿಕೊಂಡು ಕೇಳಲು ಬಂದದ್ದುಂಟು. ಮರಳಿ ಸೆರಗಿಗೇ ಕಟ್ಟಿ ಕಳಿಸಿದ್ದೇನೆ.

ಇಷ್ಟೆಲ್ಲ ಎಚ್ಚರಿದ್ದೂ ಮೋಸ ಹೋದರೆ? ನನ್ನ ದೊಡ್ಡ ತಪ್ಪು ಇಲ್ಲಿದೆ. ಪಿನ್ ಒತ್ತಿದ್ದು ನನ್ನ ಮೊದಲ ತಪ್ಪು. ಎರಡು ದಿನ ಯಾರಿಗೂ ಹೇಳದೆ ಕೂತದ್ದು ಎರಡನೆಯದು, ಮತ್ತು ದೊಡ್ಡದು. ಬ್ಯಾಂಕಿನವನೇ ಮೋಸ ಹೋದ ಎಂದು ಊರು ನಗುತ್ತದೆಂಬ ಅಂಜಿಕೆ. ಮನೆಯವರಿಗೂ "ಯಾರಿಗೂ ಹೇಳಬೇಡ" ಅಂದೆ. ಮೂರನೆಯ ದಿನ ಮಗ ಬಂದು, ಬೈಯದೆ, 1930ಕ್ಕೆ ಫೋನು ಹಚ್ಚಿಸಿದ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ ಹೋಗಿತ್ತು. ನಾಲ್ಕು ಸಾವಿರದಷ್ಟು ಮಾತ್ರ ಒಂದು ಖಾತೆಯಲ್ಲಿ ಉಳಿದಿತ್ತು, ಅದನ್ನು ತಡೆಹಿಡಿದರು. ಮಿಕ್ಕ ಇಪ್ಪತ್ತನಾಲ್ಕು ಸಾವಿರ ನನ್ನ ಮರ್ಯಾದೆಗೆ ತೆತ್ತ ಬೆಲೆ.

1930 ಇಡೀ ದೇಶಕ್ಕೆ ಒಂದೇ ಸಂಖ್ಯೆ. ಗೋಡೆಯ ಮೇಲೆ ಬರೆದಿಡಿರಿ. ಹಣ ಹೋದ ಕ್ಷಣವೇ ಇದಕ್ಕೆ ಹಚ್ಚಿರಿ. ವ್ಯವಹಾರದ ಸಂಖ್ಯೆ, ಹೊತ್ತು, ಮೊತ್ತ ಹೇಳಿರಿ. ಕೂಡಲೇ ನಿಮ್ಮ ಬ್ಯಾಂಕಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಿರಿ. ರಿಸರ್ವ್ ಬ್ಯಾಂಕು 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯ ತಿರುಳು ಇದು: ಪಿನ್ ಮುಂತಾದವನ್ನು ತಾನೇ ಬಿಟ್ಟುಕೊಟ್ಟ ಗಿರಾಕಿ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟವನ್ನು ತಾನೇ ಹೊರಬೇಕು, ತಿಳಿಸಿದ ಮೇಲೆ ಆದ ನಷ್ಟ ಬ್ಯಾಂಕಿನದು. ಆದ್ದರಿಂದ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಪೊಲೀಸ್ ಠಾಣೆಯಲ್ಲಿ "ಇದು ನಮ್ಮ ಹದ್ದಿಗೆ ಬರುವುದಿಲ್ಲ, ಆ ರಾಜ್ಯಕ್ಕೆ ಹೋಗಿರಿ" ಎಂಬ ಮಾತು ಗಡಿಯವರಾದ ನಮಗೆ ಹೊಸದಲ್ಲ. ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯಂತೆ, ಇಂಥ ಅಪರಾಧ ಯಾವ ಹದ್ದಿನಲ್ಲೇ ನಡೆದಿರಲಿ, ಅದರ ಮಾಹಿತಿಯನ್ನು ನೀವು ಹೋದ ಠಾಣೆಯಲ್ಲೇ ಕೊಡಬಹುದು. ಇದನ್ನು ವಿನಯದಿಂದ, ಗಟ್ಟಿಯಾಗಿ ಹೇಳಿರಿ.

ಕಳೆದ ವರ್ಷ ನಮ್ಮ ಓಣಿಯ ಹುಡುಗನೊಬ್ಬ ಹಳೆಯ ಮೊಬೈಲು ಕೊಳ್ಳಲು ಹೋಗಿ ಒಂಬತ್ತು ಸಾವಿರ ಕಳಕೊಂಡ. ನನ್ನ ಕಥೆಯನ್ನು ನಾನು ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳಿದ್ದೆ. ಅವನು ನೆಟ್ಟಗೆ ನನ್ನ ಬಳಿ ಓಡಿ ಬಂದ. ಹದಿನೈದು ನಿಮಿಷದಲ್ಲಿ 1930ಕ್ಕೆ ದೂರು ಹೋಯಿತು. ಆ ಹಣ ದಾರಿಯಲ್ಲೇ ನಿಂತಿತು; ಕೆಲವು ತಿಂಗಳ ಮೇಲೆ ಅವನಿಗೆ ಮರಳಿ ಬಂತು. ಊರು ನಕ್ಕಿದ್ದು ಎರಡು ದಿನ ಮಾತ್ರ. ಹುಡುಗನ ಒಂಬತ್ತು ಸಾವಿರ ಉಳಿದದ್ದು ಆ ನಗೆಗಿಂತ ದೊಡ್ಡದು.

ಬಂಧುಗಳೇ, ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಹಣ ಕಳಕೊಂಡರೆ ಮೊದಲು ಬೈಯಬೇಡಿರಿ. ಬೈಗುಳಕ್ಕೆ ಅಂಜಿದವನು ಮುಚ್ಚಿಡುತ್ತಾನೆ, ಮುಚ್ಚಿಟ್ಟದ್ದು ಕಳ್ಳನಿಗೆ ಲಾಭ. ಮೊದಲು ಫೋನು ಹಚ್ಚಿರಿ, ಬೈಗುಳ ನಾಳೆಗಿರಲಿ. ಅಂದ ಹಾಗೆ, ನಮ್ಮ ಕಡಬಾ ಕುಟ್ಟಿ ಮಷಿನ್ನು ಕೊನೆಗೆ ಪಕ್ಕದ ಹಳ್ಳಿಯ ರೈತರೊಬ್ಬರು ಕೊಂಡರು. ಮನೆಗೆ ಬಂದು, ಅಲಗು ಬಿಚ್ಚಿ ನೋಡಿ, ಅರ್ಧ ತಾಸು ಚೌಕಾಸಿ ಮಾಡಿ, ಹನ್ನೊಂದು ಸಾವಿರಕ್ಕೆ ಇಳಿಸಿ, ಚಹಾ ಕುಡಿದು ಹೋದರು. ಆ ಚೌಕಾಸಿ ನನಗೆ ಅಂದು ಬಹಳ ಹಿತವೆನಿಸಿತು.