ತಾಯಿ ಬರೆದ ಕೈಪಿಡಿ

ಹೆತ್ತ ಮಗುವಿನ ಹೆಸರು ತಾಯಿಗೇ ತಿಳಿಯದೆ ಇರುವುದುಂಟೆ? ದಕ್ಷಿಣ ಫ್ರಾನ್ಸಿನ ಉಜೆಸ್ ಪಟ್ಟಣದಲ್ಲಿದ್ದ ದುಯೋದಾ ಎಂಬ ಕುಲೀನ ಮಹಿಳೆಗೆ ಹಾಗಾಯಿತು. ಕ್ರಿ. ಶ. 841ರಲ್ಲಿ ಹುಟ್ಟಿದ ಎರಡನೆಯ ಮಗನನ್ನು, ನಾಮಕರಣಕ್ಕೆ ಮುಂಚೆಯೇ, ಪತಿ ಬರ್ನಾರ್ ತನ್ನಲ್ಲಿಗೆ ತರಿಸಿಕೊಂಡ. ಹಿರಿಯವನಾದ ವಿಲಿಯಂನನ್ನು ದೊರೆ ಚಾರ್ಲ್ಸನ ಸೇವೆಗೆ ಒಪ್ಪಿಸಿದ್ದ.

ಒಂಟಿಯಾದ ತಾಯಿ ವಿಲಿಯಂನಿಗಾಗಿ ಲ್ಯಾಟಿನ್ನಿನಲ್ಲಿ ಒಂದು ಕೈಪಿಡಿ ರಚಿಸಿದಳು; 843ರಲ್ಲಿ ಅದು ಮುಗಿಯಿತು. ದೇವರನ್ನು ನೆನೆಯಬೇಕು, ದೊರೆಗಿಂತ ಮೊದಲು ತಂದೆಯನ್ನು ಗೌರವಿಸಬೇಕು, ಪತಿಗಾಗಿ ತಾನು ಮಾಡಿದ ಸಾಲವನ್ನು ತೀರಿಸಬೇಕು, ಹೆಸರೂ ತಿಳಿಯದ ಆ ತಮ್ಮನಿಗೂ ಇದನ್ನು ಓದಿಸಬೇಕು ಎಂದು ಆಕೆ ಬೇಡಿದಳು.

844ರಲ್ಲಿ ಚಾರ್ಲ್ಸನು ಬರ್ನಾರನಿಗೆ ಮರಣದಂಡನೆ ವಿಧಿಸಿದ. ದೊರೆಯ ಮೇಲೆ ತಿರುಗಿಬಿದ್ದ ವಿಲಿಯಂ 850ರಲ್ಲಿ ಹತನಾದ.

ಕೈಪಿಡಿ ಉಳಿಯಿತು. ತಾಯಿಯ ಹೆಸರು ಇಂದು ನಮಗೆ ತಿಳಿದಿರುವುದು ಅದರಿಂದಲೇ.