ತಾತನ ಕೆಮ್ಮು ಹೇಳಿದ್ದು
ನಾನು ಹುಟ್ಟಿದ್ದು ಕೆಜಿಎಫ್‌ನ ಚಾಂಪಿಯನ್ ರೀಫ್ಸ್‌ನಲ್ಲಿ. ಮೂರು ಕಿಲೋಮೀಟರ್‌ಗೂ ಆಳದ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ತಾತನ ಕೆಮ್ಮು ನಿಲ್ಲಲಿಲ್ಲ. ಟಿಬಿ ಅಂದ್ಕೊಂಡ್ವಿ, ಡಾಕ್ಟರ್ ಹತ್ರ ದೂಳಿನ ಮಾತೇ ಎತ್ತಲಿಲ್ಲ. ಅದು ಸಿಲಿಕೋಸಿಸ್ ಕೂಡ ಆಗಿತ್ತು. ಕಲ್ಲಿನ ದೂಳು ಶ್ವಾಸಕೋಶದ ಕಾವಲು ಕೋಶಗಳನ್ನೇ ಕೊಲ್ಲುತ್ತೆ, ಆಮೇಲೆ ಟಿಬಿ ಸುಲಭವಾಗಿ ಹಿಡಿಯುತ್ತೆ.

ಆರೋಗ್ಯವಂತ ಶ್ವಾಸಕೋಶದಲ್ಲಿ ಸೂಕ್ಷ್ಮಜೀವಿಗಳೇ ಇರಲ್ಲ ಅಂತ ಹಿಂದೆ ನಂಬಿದ್ದರು. ಇರುತ್ತವೆ. 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ವೆಂಟಿಲೇಟರ್ ಮೇಲಿದ್ದ 91 ರೋಗಿಗಳನ್ನು ನೋಡಿತು. ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾ ಹೆಚ್ಚಿದ್ದವರು, ಕರುಳಿನ ಬ್ಯಾಕ್ಟೀರಿಯಾ ಅಲ್ಲಿ ಸೇರಿಕೊಂಡಿದ್ದವರು ಚೇತರಿಸಿಕೊಂಡಿದ್ದು ಕಡಿಮೆ.

ನಿಮ್ಮನೇಲೂ ಗಣಿಗೋ ಕ್ವಾರಿಗೋ ಹೋದವರಿದ್ದಾರಾ? ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಏನು ಕೆಲಸ ಮಾಡಿದ್ರು ಅಂತ ಡಾಕ್ಟರಿಗೆ ಮೊದಲೇ ಹೇಳಿ. ನಾವು ಹೇಳಲಿಲ್ಲ.