ಮನೆ ಯಾರ ಮಾತು ಕೇಳುತ್ತದೆ?



ಹಳೆಯ ಪತ್ತೇದಾರಿ ಕಥೆಗಳಲ್ಲಿ ಕಳ್ಳ ಕಿಟಕಿ ಮುರಿದು ಒಳಗೆ ಬರುತ್ತಿದ್ದ. ಈಗಿನ ಟಿವಿ ಥ್ರಿಲ್ಲರ್‌ಗಳಲ್ಲಿ ಅವನಿಗೆ ಆ ಕಷ್ಟವೂ ಇಲ್ಲ. ಅಮೆರಿಕದ ‘ಮಿಸ್ಟರ್ ರೋಬಾಟ್’ ಧಾರಾವಾಹಿಯಲ್ಲಿ, 2016ರ ಒಂದು ಕಂತು ನೆನಪಿಸಿಕೊಳ್ಳಿ. ನ್ಯೂಯಾರ್ಕಿನ ವಕೀಲೆಯೊಬ್ಬಳ ಹೈಟೆಕ್ ಮನೆಗೆ ಇದ್ದಕ್ಕಿದ್ದಂತೆ ಹುಚ್ಚು ಹಿಡಿಯುತ್ತದೆ. ಅಲಾರಂ ತಾನಾಗಿ ಕೂಗುತ್ತದೆ, ಸ್ನಾನದ ನೀರು ಸುಡುತ್ತದೆ, ಏಸಿ ಗಡಗಡ ನಡುಗಿಸುತ್ತದೆ. ಆಕೆ ರೋಸಿಹೋಗಿ ಹೊರಟ ಮೇಲೆ ಹ್ಯಾಕರ್‌ಗಳು ಬಂದು ಬಿಡಾರ ಹೂಡುತ್ತಾರೆ.

ಇದು ಹೊರಗಿನವರ ಕಾಟ. ಒಳಗಿನವರದಾದರೆ?

ಬಿಬಿಸಿ 2021ರ ಡಿಸೆಂಬರ್‌ನಲ್ಲಿ ನಾಲ್ಕು ಕಂತುಗಳಲ್ಲಿ ತೋರಿಸಿದ ‘ದ ಗರ್ಲ್ ಬಿಫೋರ್’ ಕಥೆ ನಡೆಯುವುದು ಲಂಡನ್ನಿನ ಒಂದು ಹೈಟೆಕ್ ಬಾಡಿಗೆ ಮನೆಯಲ್ಲಿ. ಅದನ್ನು ಕಟ್ಟಿದವನು ಎಡ್ವರ್ಡ್ ಎಂಬ ವಾಸ್ತುಶಿಲ್ಪಿ. ಬಾಡಿಗೆ ಕಡಿಮೆ, ಷರತ್ತು ನೂರೆಂಟು: ಮಕ್ಕಳಿರಬಾರದು, ಸಾಕುಪ್ರಾಣಿ ಇರಬಾರದು, ಸಾಮಾನು ಹರಡಬಾರದು. ಹೊಸದಾಗಿ ಬಂದ ಜೇನ್‌ಗೆ ಒಂದು ಸಂಗತಿ ತಿಳಿಯುತ್ತದೆ. ತನ್ನನ್ನೇ ಹೋಲುತ್ತಿದ್ದ ಎಮ್ಮಾ ಎಂಬವಳು ಮೂರು ವರ್ಷದ ಹಿಂದೆ ಇದೇ ಮನೆಯಲ್ಲಿ ಸತ್ತಿದ್ದಾಳೆ! ಹೇಗೆ ಸತ್ತಳೆಂದು ನಾನು ಹೇಳುವುದಿಲ್ಲ, ನೀವೇ ನೋಡಿ. ಆದರೆ ಅಲ್ಲಿ ನಮ್ಮನ್ನು ಹೆದರಿಸುವುದು ಯಂತ್ರವಲ್ಲ. ನಾವಿರುವ ಮನೆ ಇನ್ನೊಬ್ಬರ ಅಪ್ಪಣೆಯಂತೆ ನಡೆಯುತ್ತಿದೆ ಎಂಬ ಅನುಮಾನ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಇದೆಲ್ಲ ಬರೀ ಕಟ್ಟುಕಥೆ ಎನ್ನಬೇಡಿ. 2018ರ ಜೂನ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ ಅಮೆರಿಕದ ಕೆಲವು ಹೆಂಗಸರ ಪಾಡನ್ನು ಬರೆಯಿತು. ಒಬ್ಬಳ ಏಸಿ ಮುಟ್ಟದೆಯೇ ಆರಿಹೋಗುತ್ತಿತ್ತು. ಇನ್ನೊಬ್ಬಳ ಬಾಗಿಲಿನ ಬೀಗದ ನಂಬರ್ ದಿನಾ ಬದಲಾಗುತ್ತಿತ್ತು. ಮತ್ತೊಬ್ಬಳ ಮನೆಯ ಕರೆಗಂಟೆ ಬಾರಿಸುತ್ತಿತ್ತು, ಹೋಗಿ ನೋಡಿದರೆ ಯಾರೂ ಇಲ್ಲ. ದೆವ್ವವಲ್ಲ ಸ್ವಾಮಿ! ಇಂಥ ಕಾಟದ ಹಿಂದೆ ಇದ್ದದ್ದು ಗಂಡನೋ, ಬಿಟ್ಟುಹೋದ ಗೆಳೆಯನೋ. ಅವನ ಕೈಯಲ್ಲಿ ಫೋನು, ಅದರಲ್ಲಿ ಪಾಸ್‌ವರ್ಡ್. ಎಲ್ಲವನ್ನೂ ಕೂಡಿಸಿಕೊಟ್ಟವನು ಅವನೇ ಆದ್ದರಿಂದ ಹೇಗೆ ನಿಲ್ಲಿಸಬೇಕೆಂದು ಹೆಂಗಸರಿಗೆ ತಿಳಿಯದು.

ಊರು ಬಿಟ್ಟು ಬಂದು ಬಾಡಿಗೆ ಫ್ಲ್ಯಾಟುಗಳಲ್ಲಿ ಇರುವ ನಮ್ಮಂಥವರು ಇದನ್ನು ಗಮನಿಸಬೇಕು. ಹೊಸ ಮನೆಗೆ ಹೋದರೆ ಹಾಲು ಉಕ್ಕಿಸುತ್ತೇವೆ, ಬೀಗ ಬದಲಾಯಿಸುತ್ತೇವೆ. ಹಾಗೆಯೇ ವೈಫೈ, ಕ್ಯಾಮೆರಾ, ಡಿಜಿಟಲ್ ಬೀಗಗಳ ಪಾಸ್‌ವರ್ಡ್ ಬದಲಾಯಿಸಿ. ಹಿಂದಿನ ಬಾಡಿಗೆದಾರನ ಫೋನಿಗೆ ಅವು ಇನ್ನೂ ಜೋಡಿಸಿಕೊಂಡಿವೆಯೇ, ನೋಡಿ. ಅದಕ್ಕಿಂತ ಮುಖ್ಯವಾಗಿ, ಆ ಪಾಸ್‌ವರ್ಡ್ ಮನೆಯ ಯಜಮಾನರಿಗೆ ಮಾತ್ರವಲ್ಲ, ಯಜಮಾನಿಗೂ ಗೊತ್ತಿರಲಿ, ಬದಲಾಯಿಸಲು ಬರಲಿ. ಬೀಗದ ಕೈ ಸೆರಗಿನಲ್ಲಿ ಕಟ್ಟಿಕೊಂಡು ಮನೆ ನಡೆಸಿದವರಲ್ಲವೇ ನಮ್ಮ ಅಜ್ಜಿಯರು?